ಸಾಸಿವೆ ಕಲಿತ ನೇರ ದಾರಿ

ನಮ್ಮ ನಾಯಿ ಸಾಸಿವೆಯನ್ನು ತರಬೇತಿಗೆ ಕಳಿಸುವುದೆಂದು ತೀರ್ಮಾನವಾದ ದಿನ ಅಪ್ಪ ಮನೆ ಸೇರಿದ್ದು ಸಂಜೆ ಏಳೂಕಾಲಿಗೆ. ಅವರ ತೂಕ ಮತ್ತು ಅಳತೆ ಕಚೇರಿ ಬಿಡುವುದು ಐದಕ್ಕೆ. ಪೇಟೆಯಿಂದ ನಮ್ಮ ಮನೆಗೆ, ಅದು ಆವತ್ತು ಎಲ್ಲೇ ಇರಲಿ, ಇಪ್ಪತ್ತು ನಿಮಿಷಕ್ಕಿಂತ ಹೆಚ್ಚಿನ ದಾರಿ ಇರುವುದಿಲ್ಲ. ಮಿಕ್ಕ ಹೊತ್ತನ್ನು ಸಾಸಿವೆ ಊರಿನ ಜಗಲಿಗಳಿಗೆ ಹಂಚಿ ಬಂದಿತ್ತು. ಮೈತುಂಬ ಕರಿ ಚುಕ್ಕೆ, ಸದಾ ಮಡಚಿಕೊಂಡಿರುವ ಒಂದು ಕಿವಿ, ಯಾವ ಅವಸರವೂ ಇಲ್ಲದ ನಡಿಗೆ. ಅದು ನಮ್ಮ ಸಾಸಿವೆ.

ಚಪ್ಪಲಿ ಬಿಡುವ ಮೊದಲೇ ಅಪ್ಪ ಶುರುಮಾಡಿದರು. "ಇವತ್ತು ನನ್ನನ್ನ ಯಾರ ಮನೆ ಮುಂದೆ ತಂದು ನಿಲ್ಲಿಸ್ತು ಗೊತ್ತೇನೇ? ಆ ಸೇತುರಾಮಯ್ಯನ ಮನೆ ಮುಂದೆ!"

"ಒಳಗೆ ಹೋದ್ರಾ?" ಎಂದಳು ಅಮ್ಮ.

"ನಾನ್ಯಾಕೆ ಹೋಗ್ಲಿ? ನಾಯಿ ಹೋಯ್ತು. ಹೋಗಿ ಅವನ ಕುರ್ಚಿ ಪಕ್ಕ ಮಲಕ್ಕೊಂತು. ನಾನು ಮುಕ್ಕಾಲು ಗಂಟೆ ಹೊರಗೆ ನಿಂತು ಅವರ ತೆಂಗಿನಮರ ನೋಡಿದೆ."

"ಕಾಫಿ ಕೊಟ್ನೇನೋ?" ಎಂದು ಒಳಗಿನಿಂದ ಅಜ್ಜಿ ಕೇಳಿದಳು.

"ಕಳಿಸಿದ. ನಾನು ಮುಟ್ಲಿಲ್ಲ."

"ಅಯ್ಯೋ, ಸೇತು ಮನೇಲಿ ಕಾಫಿ ಚೆನ್ನಾಗಿರುತ್ತೆ ಕಣೋ ರಂಗ."

ಸೇತುರಾಮಯ್ಯನವರು ಅಪ್ಪನ ಎದುರು ಮೇಜಿನವರು. ಹನ್ನೊಂದು ವರ್ಷದ ಹಿಂದೆ ಕಚೇರಿಯ ಕಿಟಕಿಯ ವಿಷಯಕ್ಕೆ ಇಬ್ಬರಿಗೂ ಮಾತು ನಿಂತಿತ್ತು. ತೆರೆದಿಟ್ಟರೆ ಕಾಗದ ಹಾರುತ್ತದೆ ಎಂದು ಅಪ್ಪ, ಮುಚ್ಚಿಟ್ಟರೆ ಉಸಿರು ಕಟ್ಟುತ್ತದೆ ಎಂದು ಅವರು. ಹೇಳಲೇಬೇಕಾದ್ದೇನಾದರೂ ಇದ್ದರೆ ಕಡತದ ಅಂಚಿನಲ್ಲಿ ಬರೆದು ಆಚೆ ತಳ್ಳುತ್ತಿದ್ದರು.

ನಮ್ಮೂರಿನಲ್ಲಿ ದಿನಾ ಮಧ್ಯಾಹ್ನ ಎರಡೂವರೆಗೆ ಮನೆಗಳು ಜಾಗ ಬದಲಿಸುತ್ತವೆ. ಪೇಟೆ, ಕಚೇರಿ, ಆಸ್ಪತ್ರೆ ಎಲ್ಲ ಇಳಿಜಾರಿನ ಬುಡದಲ್ಲಿವೆ, ಅವು ಅಲುಗುವುದಿಲ್ಲ. ಮೇಲಿನ ಓಣಿಗಳಲ್ಲಿರುವ ಮನೆಗಳದ್ದೇ ಈ ಚಾಳಿ. ಒಂದು ಸಣ್ಣ ನಡುಕ, ಪಾತ್ರೆಗಳ ಕಿಣಿಕಿಣಿ. ಅಮ್ಮ ಉಪ್ಪಿನಕಾಯಿ ಭರಣಿಯನ್ನು ತಬ್ಬಿ ಹಿಡಿಯುತ್ತಾಳೆ. ಆಮೇಲೆ ಕಿಟಕಿಯಾಚೆ ಬೇರೆ ನೆರೆಯವರು ಬೇರೆ ಸೀರೆ ಒಣಹಾಕುತ್ತಿರುತ್ತಾರೆ. ಬೆಳಿಗ್ಗೆ ಪೇಟೆಗೆ ಇಳಿಯಲು ಯಾರ ಸಹಾಯವೂ ಬೇಡ, ಎಲ್ಲ ಓಣಿಗಳೂ ಅಲ್ಲಿಗೇ ಇಳಿಯುತ್ತವೆ. ಹತ್ತಿ ಬರಲು ಮಾತ್ರ ನಾಯಿ ಬೇಕು. ತನ್ನ ಮನೆ ಎಲ್ಲಿಗೆ ಹೋಗಿದೆ ಎಂಬುದು ಮನೆಯ ನಾಯಿಗೆ ಗೊತ್ತಾಗುತ್ತದೆ. ಅದಕ್ಕೇ ಪ್ರತಿ ಕಚೇರಿಯ ಪಕ್ಕದಲ್ಲೂ ಒಂದು ನಾಯಿಕಟ್ಟೆ ಇದೆ, ನೀರಿನ ತೊಟ್ಟಿ ಇದೆ, ಸಂಜೆ ಐದಕ್ಕೆ ದೊಡ್ಡ ಗದ್ದಲವಿದೆ.

ಬೇರೆಯವರ ನಾಯಿಗಳು ನೇರ ಮನೆಗೆ ಹೋಗುತ್ತಿದ್ದವು. ಸಾಸಿವೆಗೆ ಊರಿನಲ್ಲಿ ಹದಿನೈದು ಮನೆಗಳಿದ್ದವು, ಕಟ್ಟಕಡೆಯದು ನಮ್ಮದು. ನನಗಂತೂ ಅದರಲ್ಲಿ ತಪ್ಪು ಕಾಣುತ್ತಿರಲಿಲ್ಲ. ಅಜ್ಜಿಯ ಕಥೆಗಳಲ್ಲಿ ನೇರ ದಾರಿಯಲ್ಲಿ ಹೋದ ರಾಜಕುಮಾರನಿಗೆ ಏನೂ ಸಿಗುತ್ತಿರಲಿಲ್ಲ, ಅವನು ಹೋದ ಹಾಗೇ ಹೊತ್ತಿಗೆ ಸರಿಯಾಗಿ ಊಟಕ್ಕೆ ವಾಪಸಾಗುತ್ತಿದ್ದ. ಮಾತಾಡುವ ಮರ, ಏಳು ಸುತ್ತಿನ ಕೋಟೆ, ಕೂದಲು ಇಳಿಬಿಟ್ಟ ಕನ್ಯೆ ಎಲ್ಲ ದಾರಿ ತಪ್ಪಿದ ಕಿರಿಯವನ ಪಾಲಿಗೆ. ಬಿ.ಎ. ಮುಗಿಸಿ ಇಪ್ಪತ್ತಮೂರಾದರೂ ನಾನು ಲೋಕವನ್ನು ಈ ಲೆಕ್ಕದಲ್ಲೇ ನೋಡುತ್ತಿದ್ದೆ ಎಂದು ಅಪ್ಪನಿಗೆ ಬೇಸರವಿತ್ತು.

ಕೆಂಪರಾಜಯ್ಯ ಮಾಸ್ತರರ 'ಶ್ವಾನ ಸನ್ಮಾರ್ಗ ಶಾಲೆ' ಇದ್ದದ್ದು ಗುಡ್ಡದಾಚೆ, ಮನೆಗಳು ಅಲುಗದ ಬಯಲಿನಲ್ಲಿ. ಅವರೇ ಗಾಡಿ ತಂದು ನಾಯಿಯನ್ನು ಕರೆದೊಯ್ಯುತ್ತಿದ್ದರು. ಗರಿಗರಿ ಖಾಕಿ ಅಂಗಿ, ಜೇಬಿನಲ್ಲಿ ಸೀಟಿ, ತೂಗಿ ತೂಗಿ ಆಡುವ ಮಾತು.

"ಒಂದು ಮಂಡಲ ಸಾರ್. ನಲವತ್ತೆಂಟನೇ ದಿನ ನಿಮ್ಮ ನಾಯಿ ಹಗ್ಗ ಎಳೆದ ಹಾಗೆ ಮನೆಗೆ ಬರುತ್ತೆ. ನಮ್ಮದು ಎರಡೇ ಕೋರಿಕೆ. ಒಂದು, ಮನೆ ವಾಸನೆ ಚೆನ್ನಾಗಿ ಹಿಡಿದಿರೋ ಒಂದು ಬಟ್ಟೆ. ಇನ್ನೊಂದು, ಈ ಅರ್ಜಿ. ನಾಯಿ ಏನೇನು ತಪ್ಪು ಮಾಡುತ್ತೆ, ಒಂದೂ ಬಿಡದೆ ಬರೀಬೇಕು. ಬರೆದಿದ್ದನ್ನ ತೆಗೀತೀವಿ. ಬರೆಯದೆ ಇದ್ದದ್ದಕ್ಕೆ ನಾವು ಜವಾಬ್ದಾರರಲ್ಲ."

ಬಟ್ಟೆಯ ವಿಷಯವನ್ನು ಅಮ್ಮ ನೋಡಿಕೊಂಡಳು. ಒಳ್ಳೆಯ ಹೊದಿಕೆ ನಾಯಿಶಾಲೆಗೆ ಯಾಕೆ ಎಂದು ಅಜ್ಜಿಯ ಹಳೇ ಕೌದಿಯನ್ನು ಮಡಚಿ ಕೊಟ್ಟಳು. ಅಜ್ಜಿ ತನ್ನ ಸೀರೆಗಳ ಚೂರಿನಿಂದಲೇ ಹೊಲಿದು, ಮೂವತ್ತು ವರ್ಷ ಹೊದ್ದ ಕೌದಿ ಅದು.

ಅರ್ಜಿ ನನ್ನ ಪಾಲಿಗೆ ಬಂತು. ಅಕ್ಷರ ದುಂಡಗಿದೆ ಎಂಬುದು ನನ್ನ ಬಗ್ಗೆ ಅಪ್ಪ ಒಪ್ಪಿಕೊಂಡಿದ್ದ ಒಂದೇ ಗುಣ. 'ತಪ್ಪುಗಳು' ಎಂದು ಮೇಲೆ ಅಚ್ಚಾಗಿತ್ತು, ಕೆಳಗೆ ಹದಿನಾಲ್ಕು ಗೆರೆ. ಅಪ್ಪ ನಾಲ್ಕು ಹೇಳಿ ನಿಲ್ಲಿಸಿದರು. ನನಗೆ ಖಾಲಿ ಗೆರೆ ಬಿಡುವುದೆಂದರೆ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದ ಹಾಗೆ. ಶೇಂಗಾ ಹುರಿಯುವ ಮನೆಯ ಮುಂದೆ ಕಣ್ಣು ಮುಚ್ಚಿ ನಿಲ್ಲುವುದು, ತಬಲಾ ಪಾಠದ ಮನೆಯಲ್ಲಿ ಒಂದು ಪಾಠ ಮುಗಿಯುವ ತನಕ ಏಳದಿರುವುದು, ಸೇತುರಾಮಯ್ಯನವರ ಕುರ್ಚಿ. ಬರೆಯುತ್ತ ಬರೆಯುತ್ತ ಖುಷಿ ಏರಿತು. ಕೊನೆಯ ಗೆರೆಯಲ್ಲಿ, ಎಲ್ಲಕ್ಕಿಂತ ಚಂದದ ಕೈಬರಹದಲ್ಲಿ ಬರೆದೆ: 'ಭಾನುವಾರಗಳಂದು ನಮ್ಮ ಅಜ್ಜಿಯನ್ನು ಪದ್ದಮ್ಮನವರ ಮನೆಗೆ ಕರೆದೊಯ್ದು ಸೂರ್ಯ ಮುಳುಗುವವರೆಗೆ ಅಲ್ಲಿಯೇ ಉಳಿಯುವುದು.'

ಮಾಸ್ತರರು ಓದಿ, "ಇಷ್ಟು ಅಚ್ಚುಕಟ್ಟಾಗಿ ಯಾರೂ ಬರೆದುಕೊಟ್ಟಿಲ್ಲಮ್ಮ" ಎಂದರು. ನಾನು ನಾಚಿಕೊಂಡೆ. ಸಾಸಿವೆ ಗಾಡಿಯ ಹಿಂಬದಿಯಿಂದ ನನ್ನನ್ನು ನೋಡುತ್ತ, ಮಡಚಿದ ಕಿವಿಯನ್ನು ಒಮ್ಮೆ ಎತ್ತಿ ಇಳಿಸಿತು.

ಪದ್ದಮ್ಮ ಅಜ್ಜಿಯ ಬಾಲ್ಯದ ಗೆಳತಿ. ಒಬ್ಬಳೇ ಇದ್ದಳು. ಎರಡು ವರ್ಷದ ಹಿಂದೆ ಅವಳ ನಾಯಿ ಸತ್ತ ಮೇಲೆ ಮನೆಯಿಂದ ಇಳಿದಿರಲಿಲ್ಲ, ಇಳಿದರೆ ಹತ್ತಿ ಬರಲಾಗುತ್ತಿರಲಿಲ್ಲ. ಹೊಸ ನಾಯಿ ತರಿಸೋಣವೆಂದರೆ, "ನಾನು ಹೋದ್ಮೇಲೆ ಅದು ಯಾರ ಮನೆ ಹುಡುಕ್ಕೊಂಡು ಹೋಗ್ಬೇಕು?" ಎನ್ನುತ್ತಿದ್ದಳು. ಅವಳ ಮನೆ ಎಲ್ಲಿದೆಯೆಂದು ಬಲ್ಲ ಪ್ರಾಣಿ ಊರಿಗೆಲ್ಲ ಸಾಸಿವೆ ಒಂದೇ. ಭಾನುವಾರ ಅಜ್ಜಿ ಎಲೆ ಅಡಿಕೆ ಕಟ್ಟಿಕೊಂಡು ಅದರ ಹಿಂದೆ ಹೋಗುತ್ತಿದ್ದಳು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ. ಬರೆಯುವಾಗ ಅದು ತಪ್ಪುಗಳ ಪಟ್ಟಿ ಎಂಬುದೊಂದು ಮರೆತಿತ್ತು.

ನಲವತ್ತೆಂಟು ದಿನ ನಾವು ಮನೆಯಲ್ಲೇ ಉಳಿದೆವು, ಅಪ್ಪ ಪೇಟೆಯ ಛತ್ರದಲ್ಲಿ ಉಳಿದರು. ನಾಯಿಯನ್ನು ಶಾಲೆಗೆ ಕಳಿಸಿದ ಗಂಡಸರೆಲ್ಲ ಅಲ್ಲಿ ಇರುತ್ತಾರಂತೆ. ಇಸ್ಪೀಟು ಆಡುತ್ತ, ಶಿಸ್ತಿನ ಬಗ್ಗೆ ಮಾತಾಡುತ್ತ. ಮನೆಗೆ ದಿನಕ್ಕೊಬ್ಬ ಅತಿಥಿ ಮಾತ್ರ ಬರುತ್ತಿತ್ತು: ಸೇತುರಾಮಯ್ಯನವರ ಕೆಂಚು ನಾಯಿ ಮುತ್ತುಗ. ನಾಯಿಕಟ್ಟೆಯಲ್ಲಿ ಹಗ್ಗ ಬಿಡಿಸಿಕೊಂಡು, ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ನಮ್ಮ ಹಿತ್ತಲ ಬಾಗಿಲು ಕೆರೆಯುತ್ತಿತ್ತು. ಸಾಸಿವೆಯ ಹಿಂದೆ ಸುತ್ತಿ ಸುತ್ತಿ ಅದಕ್ಕೂ ನಮ್ಮ ಮನೆ ಎಲ್ಲಿದ್ದರೂ ಗೊತ್ತಾಗುತ್ತಿತ್ತು. ಅಮ್ಮ ಅದಕ್ಕೆ ದೋಸೆಯ ಚೂರು ಹಾಕುತ್ತಿದ್ದಳು. "ನಿಮ್ಮಪ್ಪನ ಹತ್ರ ಹೇಳ್ಬೇಡ, ಶತ್ರು ಮನೆ ನಾಯಿ" ಎನ್ನುತ್ತಿದ್ದಳು.

ನಲವತ್ತೊಂಬತ್ತನೇ ದಿನ ಸಾಸಿವೆ ಅಪ್ಪನನ್ನು ಐದೂ ಇಪ್ಪತ್ತಕ್ಕೆ ಮನೆಗೆ ತಂದಿತು. ಅಪ್ಪ ಗಡಿಯಾರ ನೋಡಿದರು, ನಾಯಿಯನ್ನು ನೋಡಿದರು, ಪ್ರಮಾಣಪತ್ರವನ್ನು ಗೋಡೆಗೆ ಹಾಕಿದರು. 'ಈ ಶ್ವಾನವು ಒಂದೇ ಮನೆಯನ್ನು ಬಲ್ಲದು.' ಮೊದಲ ವಾರ ಅವರ ಸಂತೋಷ ಹೇಳತೀರದು. ಎರಡನೇ ವಾರ ಐದೂ ಇಪ್ಪತ್ತರಿಂದ ರಾತ್ರಿಯ ಊಟದವರೆಗೆ ಏನು ಮಾಡುವುದೆಂದು ತಿಳಿಯದೆ ಬಾಗಿಲ ಚಿಲಕಗಳಿಗೆಲ್ಲ ಎಣ್ಣೆ ಹಾಕಿದರು. ಬೈಯಲು ಯಾರೂ ಇಲ್ಲದೆ ಅವರ ಮಾತು ಅರ್ಧಕ್ಕರ್ಧ ಕಡಿಮೆಯಾಯಿತು.

ಭಾನುವಾರ ಅಜ್ಜಿ ಎಲೆ ಅಡಿಕೆ ಕಟ್ಟಿಕೊಂಡು ಸಾಸಿವೆಯ ಜೊತೆ ಪೇಟೆಗೆ ಇಳಿದಳು. ಸಾಸಿವೆ ಒಂದು ಹೆಜ್ಜೆ ಮೇಲಕ್ಕೆ ಹಾಕುವುದು, ತಿರುಗಿ ಅವಳ ಮುಖ ನೋಡುವುದು, ಕೂತುಬಿಡುವುದು. ಕೊನೆಗೆ ಅಪ್ಪನೇ ಇಳಿದು ಬಂದು, ಮನೆಗೆ ಹೊರಟಿದ್ದ ಯಾರದೋ ನಾಯಿಯ ಹಿಂದೆ ಓಣಿ ಓಣಿ ಅಲೆದು, ಎದುರು ಸಿಕ್ಕ ನಮ್ಮ ಮನೆಯನ್ನು ಅದೃಷ್ಟದಿಂದ ಗುರುತಿಸಿ ಕರೆತಂದರು. ತರಬೇತಿ ಇನ್ನೂ ಹಸಿಯಾಗಿದೆ, ಸರಿಹೋಗುತ್ತೆ ಎಂದರು. ಎಲೆಯೆಲ್ಲ ಬಾಡಿತ್ತು. ಅಜ್ಜಿ ಅವನ್ನು ನೀರಿನಲ್ಲಿ ನೆನೆಹಾಕಿ, "ಎರಡು ತಿಂಗಳಾಯ್ತು. ಪದ್ದಿ ನಾನು ಸತ್ತೆ ಅಂತ್ಲೇ ತಿಳ್ಕೊಂಡಿರ್ತಾಳೆ" ಎಂದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು. "ಆ ಅರ್ಜೀಲಿ ಅವಳ ಹೆಸರೂ ಬರ್ದಿದ್ಯಾ ಮಾಲಿ?"

ಬರೆದಿದ್ದೆ ಅಂದೆ. ಅಜ್ಜಿ ಬೈಯಲಿಲ್ಲ. ಅವಳು ನನಗೆ ಹೇಳಿದ ಸಾವಿರ ಕಥೆಗಳಲ್ಲಿ ಒಂದರಲ್ಲೂ ಒಳ್ಳೆಯ ಕೈಬರಹದಿಂದ ಇಂಥ ಅನಾಹುತವಾಗಿರಲಿಲ್ಲ. ಆ ದಿನ ಅವಳು ಕಥೆಯನ್ನೂ ಹೇಳಲಿಲ್ಲ.

ಮಂಗಳವಾರ ಅಪ್ಪ ನಾಯಿಯೊಂದಿಗೆ ಕಚೇರಿಗೆ ಹೋದ ಮೇಲೆ ಅಜ್ಜಿ ಚಪ್ಪಲಿ ಮೆಟ್ಟಿದಳು. "ಪೇಟೆಗೆ ಹೋಗಿ ಬರ್ತೀವಿ ಕಣೇ ಸರೋಜ. ವಾಪಸ್ ರಂಗನ ಜೊತೆ ಬರ್ತೀವಿ" ಎಂದು ಅಮ್ಮನಿಗೆ ಹೇಳಿ ನನ್ನ ಕೈ ಹಿಡಿದಳು. ಪೇಟೆಗೆ ಇಳಿದು ಎಲೆ ಕೊಂಡ ಮೇಲೆ ಅವಳು ಕಚೇರಿಯ ಕಡೆ ತಿರುಗಲಿಲ್ಲ. ಎದುರಿಗೆ ಸಿಕ್ಕ ಓಣಿಯನ್ನು ಹತ್ತತೊಡಗಿದಳು.

"ಅಜ್ಜಿ, ನಾಯಿ ಇಲ್ದೆ? ಕಳೆದುಹೋಗ್ತೀವಿ!"

"ಹೂಂ ಮತ್ತೆ. ನೆಟ್ಟಗೆ ಹೋದ್ರೆ ಅವಳು ಸಿಗಲ್ಲ ಅಂತ ಗೊತ್ತಾಯ್ತಲ್ಲ. ಕಿವಿ ಮಾತ್ರ ತೆರ್ಕೊಂಡಿರು. ಪದ್ದಿಗೆ ಹಲ್ಲಿಲ್ಲ. ಎಲೆ ಅಡಿಕೆ ಕುಟ್ಟಾಣೀಲಿ ಕುಟ್ತಾಳೆ. ಕಬ್ಬಿಣದ್ದು. ಅದರ ಸದ್ದು ನಂಗೆ ಗೊತ್ತು."

ಬೆಳಗೆಲ್ಲ ಅಲೆದೆವು. ಒಂದು ಮನೆಯಲ್ಲಿ ಶೇಂಗಾ ಹುರಿಯುವಾಕೆ ಗುರುತು ಹಿಡಿದು, "ಸಾಸಿವೆ ಮನೆಯವ್ರಲ್ವಾ? ಯಾಕೆ ಬರೋದೇ ಬಿಟ್ಬಿಡ್ತು? ನಾನೇನಾದ್ರೂ ಅಂದ್ನಾ?" ಎಂದು ನನ್ನ ಮುಖವನ್ನೇ ನೋಡಿದಳು. ನಾನು ನೆಲ ನೋಡಿದೆ. ಎರಡು ಗಂಟೆಯ ಹೊತ್ತಿಗೆ ಅಜ್ಜಿಯ ಮೊಣಕಾಲು ಸೋತವು. ಯಾರದೋ ಜಗಲಿಯ ಮೇಲೆ ಕೂತೆವು. ಎರಡೂವರೆಗೆ ಜಗಲಿ ನಡುಗಿತು; ನಮ್ಮನ್ನೂ ಹೊತ್ತುಕೊಂಡೇ ಮನೆ ಜಾಗ ಬದಲಿಸಿತು. ನಡುಕ ನಿಂತ ಮೇಲೆ, ಪಕ್ಕಕ್ಕೆ ಹೊಸದಾಗಿ ಬಂದು ನಿಂತ ಹಸಿರು ಬಾಗಿಲಿನ ಮನೆಯೊಳಗಿಂದ ಕೇಳಿತು: ಟಣ್, ಟಣ್, ಟಣ್.

ಪದ್ದಮ್ಮ ಬಾಗಿಲ ಪಕ್ಕದಲ್ಲೇ ಕೂತಿದ್ದಳು. ಮೊಣಕಾಲ ಮೇಲೆ ಕುಟ್ಟಾಣಿ. ಒಳಗೆ ಎಲೆಯೂ ಇಲ್ಲ, ಅಡಿಕೆಯೂ ಇಲ್ಲ.

"ಖಾಲಿ ಯಾಕೆ ಕುಟ್ತಿದ್ಯೇ?" ಎಂದಳು ಅಜ್ಜಿ.

"ನಿನ್ ಕಿವಿ ಮಂದ ಅಂತ ಗೊತ್ತು ತುಂಗಿ. ಅದಕ್ಕೇ ದಿನವೆಲ್ಲ ಕುಟ್ತಿದ್ದೆ." ಪದ್ದಮ್ಮ ಕುಟ್ಟಾಣಿ ಕೆಳಗಿಟ್ಟಳು. "ದಿನಕ್ಕೊಬ್ರು ಹೊಸ ನೆರೆಯವ್ರು ಬರ್ತಾರೆ. ಅನ್ನ ಕೊಡ್ತಾರೆ, ಸಾರು ಕೊಡ್ತಾರೆ. ಮಾತಿಗೆ ಕೂತ್ಕೊಳಿ ಅಂದ್ರೆ ಪುರುಸೊತ್ತಿಲ್ಲ ಅಂತಾರೆ."

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತ ಕೂತಳು. ನಾವು ಮನೆಗೆ ಹೇಗೆ ಹೋಗುವುದು ಎಂದು ನಾನು ಕೇಳಿದ್ದಕ್ಕೆ, "ಇರು, ಮೊದಲು ಇವಳು ಬಾಯಿ ಕೆಂಪು ಮಾಡ್ಕೊಳ್ಲಿ" ಎಂದಳು.

ಸರಿಯಾಗಿ ಐದೂ ಇಪ್ಪತ್ತಕ್ಕೆ ಓಣಿಯ ಕೊನೆಯಲ್ಲಿ ಸಾಸಿವೆ ಕಾಣಿಸಿತು. ಹಗ್ಗ ಎಳೆದ ಹಾಗೆ ಬಂತು. ಹಿಂದೆ ಅಪ್ಪ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಕಾಲಿಟ್ಟು, "ಬಾಗಿಲಿಗೆ ಹಸಿರು ಯಾವಾಗ ಹೊಡೆಸಿದ್ರಿ?" ಎಂದರು. ಆಮೇಲೆ ಪದ್ದಮ್ಮನನ್ನು ನೋಡಿ ಅಲ್ಲೇ ನಿಂತರು.

ಸಾಸಿವೆ ಅಜ್ಜಿಯ ಕಾಲ ಬುಡದಲ್ಲಿ ಕೂತು, ಕೆಲಸ ಮುಗಿಸಿದವರ ಹಾಗೆ ಕಣ್ಣು ಮುಚ್ಚಿತು.

"ಸಾಸಿವೆ, ಮನೆ!" ಎಂದರು ಅಪ್ಪ, ಮಾಸ್ತರರು ಹೇಳಿಕೊಟ್ಟ ದನಿಯಲ್ಲಿ. ಸಾಸಿವೆ ಎದ್ದು ಅಜ್ಜಿಯ ಸುತ್ತ ಒಂದು ಸುತ್ತು ಬಂದು ಮತ್ತೆ ಅಲ್ಲೇ ಕೂತಿತು. "ಮನೆ!" ಮತ್ತೊಂದು ಸುತ್ತು. ಮೂರನೇ ಸಲಕ್ಕೆ ಪದ್ದಮ್ಮ, "ಪಾಪ, ಪ್ರದಕ್ಷಿಣೆ ಹಾಕ್ಸಿದ್ದು ಸಾಕು ಬಿಡೋ ರಂಗ" ಎಂದಳು.

ಅಜ್ಜಿ ಯೋಚಿಸಿ ಕೇಳಿದಳು. "ಶಾಲೆಗೆ ಯಾರ ಬಟ್ಟೆ ಕೊಟ್ರಿ?"

"ನಿನ್ನ ಕೌದಿ" ಎಂದೆ.

ಮಾಸ್ತರರ ಕೆಲಸದಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ನಲವತ್ತೆಂಟು ದಿನವೂ ಅವರು ಆ ಕೌದಿಯನ್ನು ಬಯಲಿನ ಒಂದೊಂದು ಮೂಲೆಯಲ್ಲಿಟ್ಟು, ಇದೇ ನಿನ್ನ ಮನೆ, ನೆಟ್ಟಗೆ ಹೋಗು ಎಂದು ಕಲಿಸಿದ್ದರು. ಸಾಸಿವೆ ಕಲಿತಿತ್ತು. ಇಷ್ಟು ದಿನ ಅಜ್ಜಿ ಮನೆಯಲ್ಲಿದ್ದಳು, ಆದ್ದರಿಂದ ನಾಯಿ ಮನೆಗೆ ಬರುತ್ತಿತ್ತು. ಭಾನುವಾರ ಪೇಟೆಯಲ್ಲಿ ಅದು ಕೂತದ್ದು ಹಟದಿಂದಲ್ಲ, ಮನೆ ತಲುಪಿದ್ದೇನೆಂಬ ನಂಬಿಕೆಯಿಂದ.

ಅಪ್ಪ ಜಗಲಿಗೆ ಹೋಗಿ ಕೂತರು. ಅಮ್ಮ ಈಗ ಎಲ್ಲೋ ಒಂದು ಓಣಿಯಲ್ಲಿ ನಾಲ್ವರಿಗೆ ಅನ್ನ ಮಾಡಿಟ್ಟು ಕಾಯುತ್ತಿದ್ದಳು. ಆ ಮನೆಯನ್ನು ಬಲ್ಲ ನಾಯಿ ಊರಿನಲ್ಲಿ ಉಳಿದಿಲ್ಲವೆಂದೇ ಅಪ್ಪ ತಿಳಿದಿದ್ದರು. ಅವಳು ನಮ್ಮನ್ನು ಹುಡುಕಿಕೊಂಡು ಪೇಟೆಗೆ ಇಳಿದರೆ ಮುಗಿಯಿತು, ನಮ್ಮ ಮನೆ ಊರಿನ ಖಾಲಿ ಮನೆಗಳ ಗುಂಪಿಗೆ ಸೇರಿಬಿಡುತ್ತಿತ್ತು. ಅವು ತಾವಾಗಿಯೇ ಅಲೆಯುತ್ತವೆ, ಮತ್ತೆ ಯಾರಿಗೂ ಸಿಗುವುದಿಲ್ಲ. ಅಪ್ಪ ಕತ್ತಿನ ಬೆವರು ಒರೆಸಿಕೊಂಡು, "ಅವಳು ಇಳೀಬಾರ್ದು. ಇಳೀಬಾರ್ದು" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಆಗ ನಾನು ಹೇಳಿದೆ. "ಅಪ್ಪಾ, ಒಂದು ನಾಯಿ ಇದೆ. ದಿನಾ ಹನ್ನೊಂದು ಗಂಟೆಗೆ ನಮ್ಮ ಹಿತ್ತಲಿಗೆ ಬರುತ್ತೆ. ಅಮ್ಮ ದೋಸೆ ಹಾಕ್ತಾಳೆ."

"ಯಾರ ನಾಯಿ?"

ಹೇಳಿದೆ. ಅವರು ಪದ್ದಮ್ಮನ ಮನೆಯ ಎದುರಿನ ಗೋಡೆಯನ್ನು ನೋಡಿದರು. ಅಲ್ಲಿ ತೆಂಗಿನಮರವೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪನೂ ನಾನೂ ಸಾಸಿವೆಯನ್ನು ಕರೆದುಕೊಂಡು ಇಳಿದು ಕಚೇರಿಗೆ ಹೋದೆವು. ಸೇತುರಾಮಯ್ಯನವರು ತಲೆ ಬಗ್ಗಿಸಿ ಏನೋ ಬರೆಯುತ್ತಿದ್ದರು. ತೆಳ್ಳಗೆ, ಮೂಗಿನ ತುದಿಯಲ್ಲಿ ಕನ್ನಡಕ. ಅಪ್ಪ ತಮ್ಮ ಕುರ್ಚಿಯಲ್ಲಿ ಕೂತರು, ಒಂದು ಕಡತ ತೆಗೆದರು, ಅದರ ಅಂಚಿನಲ್ಲಿ ಬರೆಯಲು ಪೆನ್ನು ಎತ್ತಿದರು, ಮತ್ತೆ ಕೆಳಗಿಟ್ಟರು. ಎದ್ದು ಹೋಗಿ ಕಿಟಕಿಯ ಎರಡೂ ಬಾಗಿಲುಗಳನ್ನು ತೆರೆದರು. ಮೇಜಿನ ಮೇಲಿನ ಕಾಗದಗಳೆಲ್ಲ ಹಾರಿದವು. ಒಂದು ನನ್ನ ಕಾಲ ಬಳಿ ಬಿತ್ತು. 'ಶ್ವಾನ ಸನ್ಮಾರ್ಗ ಶಾಲೆ. ತಪ್ಪುಗಳು.' ಮೊದಲ ಗೆರೆಯಲ್ಲಿ ಸೇತುರಾಮಯ್ಯನವರು ಬರೆದಿದ್ದರು: 'ಪ್ರತಿದಿನ ಹನ್ನೊಂದಕ್ಕೆ ರಂಗನಾಥನ ಮನೆಗೆ ಓಡುವುದು.'

"ನಿಮ್ಮ ನಾಯಿ ನಮ್ಮನೆಗೆ ಬರುತ್ತಂತೆ ಸೇತುರಾಮಯ್ಯ" ಎಂದರು ಅಪ್ಪ. ಹನ್ನೊಂದು ವರ್ಷದ ಮೇಲಿನ ಮೊದಲ ಮಾತು.

"ಇನ್ಮೇಲೆ ಬರಲ್ಲ. ನಾಳೆ ಗಾಡಿ ಬರುತ್ತೆ, ಕಳಿಸ್ತಿದ್ದೀನಿ. ನಿಮ್ಮ ನಾಯಿ ನೋಡೇ ಕಲ್ತೆ."

"ಕಳಿಸ್ಬೇಡಿ ಮಾರಾಯ್ರೇ." ಅಪ್ಪ ನನ್ನ ಕಾಲ ಬಳಿಯ ಅರ್ಜಿಯನ್ನು ಎತ್ತಿ ಮಡಚಿದರು. "ನಂಗೆ ಮನೆಗೆ ಹೋಗ್ಬೇಕು."

ಎಲ್ಲ ಕೇಳಿದ ಮೇಲೆ ಸೇತುರಾಮಯ್ಯನವರು ಕನ್ನಡಕ ಒರೆಸಿಕೊಂಡರು. ನಗು ತಡೆಯಲು ಬಹಳ ಹೊತ್ತು ಒರೆಸಿದರು. ಹತ್ತೂವರೆಗೆ ಹಗ್ಗ ಬಿಚ್ಚಿದರು. ಮುತ್ತುಗ ನಾಲ್ಕು ಮನೆಗಳಲ್ಲಿ ನಿಂತು ನಮ್ಮ ಮನೆಗೆ ಹೋಗುವುದಂತೆ. ನಾವೂ ನಾಲ್ಕು ಜಗಲಿಗಳಲ್ಲಿ ಕೂತೆವು. ಎಲ್ಲ ಕಡೆ ಕಾಫಿ ಬಂತು. ಗಡಿಯಾರ ನೋಡುತ್ತ, ಚಡಪಡಿಸುತ್ತ, ಅಪ್ಪ ಎಲ್ಲವನ್ನೂ ಕುಡಿದರು. ಒಂದೂವರೆಯ ಹೊತ್ತಿಗೆ ಅದು ಒಂದು ಹಿತ್ತಲ ಬಾಗಿಲನ್ನು ಕೆರೆಯಿತು.

ಬಾಗಿಲು ತೆರೆದ ಅಮ್ಮನ ಕೈಯಲ್ಲಿ ದೋಸೆಯ ಚೂರಿತ್ತು. ಹೆಗಲಲ್ಲಿ ಚೀಲ ಇತ್ತು, ಕಾಲಲ್ಲಿ ಚಪ್ಪಲಿ ಇತ್ತು. "ಬಂದ್ಯಾ? ನಿನಗೋಸ್ಕರ ಕಾದೆ ನೋಡು. ಇಲ್ದಿದ್ರೆ ಹನ್ನೊಂದಕ್ಕೇ ಇಳಿದು ಹೋಗ್ತಿದ್ದೆ" ಎಂದು ನಾಯಿಗೆ ಹೇಳಿ, ಆಮೇಲೆ ತಲೆ ಎತ್ತಿ ಅಪ್ಪನನ್ನು ಕಂಡಳು. ಅವಳ ಕಣ್ಣು ತುಂಬಿದವು, ಬಾಯಿ ಮಾತ್ರ ಸೋಲಲಿಲ್ಲ. "ನೀವೂ ಬಂದ್ರಾ? ದೋಸೆ ಒಂದೇ ಇರೋದು."

ಅಜ್ಜಿ ವಾಪಸು ಬರಲಿಲ್ಲ. ಸಾಸಿವೆಯ ಹಿಂದೆ ಕರೆಯಲು ಹೋದಾಗ, "ನಾನಿಲ್ಲಿದ್ರೆ ಸಾಸಿವೆ ಇಲ್ಲಿಗೆ ಬರುತ್ತೆ. ನಾನು ಹೊರಟ್ರೆ ಪದ್ದಿ ಮನೆ ಯಾರಿಗೆ ಗೊತ್ತು?" ಎಂದಳು. ಈಗ ಸಾಸಿವೆ ಬೆಳಿಗ್ಗೆ ಕೊರಳಿಗೆ ಖಾಲಿ ಚೀಲ ಹಾಕಿಕೊಂಡು ತಾನೇ ಪೇಟೆಗೆ ಇಳಿಯುತ್ತದೆ. ಅಪ್ಪನ ಜೊತೆ ಇಳಿದ ನಾನು ಎಲೆ ಅಡಿಕೆ ತುಂಬಿ ಸಂಜೆ ಕಳಿಸುತ್ತೇನೆ. ಅಜ್ಜಿಯ ಕಥೆ ಬೇಕೆನಿಸಿದ ಸಂಜೆ ಅದರ ಹಿಂದೆ ಹೋಗಿ, ಇಪ್ಪತ್ತೇ ನಿಮಿಷದಲ್ಲಿ ತಲುಪಿ, ಅಲ್ಲೇ ಮಲಗಿ, ಮರುದಿನ ಅಪ್ಪನ ಜೊತೆ ಮನೆಗೆ ಬರುತ್ತೇನೆ. ಅಪ್ಪನೂ ಸೇತುರಾಮಯ್ಯನವರೂ ಐದಕ್ಕೆ ಹೊರಟು ಮುತ್ತುಗನ ಹಿಂದೆ ನಡೆಯುತ್ತಾರೆ. ಕಿಟಕಿಯನ್ನು ಎಷ್ಟು ತೆರೆಯಬೇಕೆಂಬ ಜಗಳ ದಾರಿಯುದ್ದಕ್ಕೂ ಕೇಳಿಸುತ್ತದೆ.

ಕಳೆದ ವಾರ ಮಾಸ್ತರರ ಶಾಲೆಯಿಂದ ಒಂದು ಕಾರ್ಡು ಬಂತು. 'ನಿಮ್ಮ ಶ್ವಾನವು ನೇರವಾಗಿ ಮನೆಗೆ ಹೋಗುತ್ತಿದೆಯೇ?' ಎಂದಿತ್ತು.

"ಹೌದು ಅಂತ ಬರಿ" ಎಂದರು ಅಪ್ಪ. "ಯಾರ ಮನೆಗೆ ಅಂತ ಅವರು ಕೇಳಿಲ್ಲ."

ಕೆಳಗೆ 'ಮನೆಯಲ್ಲಿ ಬೇರೆ ನಾಯಿಗಳಿದ್ದಲ್ಲಿ ಅವುಗಳ ತಪ್ಪುಗಳು' ಎಂದು ಅಚ್ಚಾಗಿತ್ತು, ಹದಿನಾಲ್ಕು ಗೆರೆ. ನನ್ನ ಬೆರಳು ಜುಮ್ಮೆಂದವು. ಮುತ್ತುಗ ನಿಲ್ಲುವ ಮನೆಗಳು, ಪ್ರತಿ ಮನೆಯ ಕಾಫಿಯ ರುಚಿ, ಮೂರನೇ ಜಗಲಿಯ ಮೇಲೆ ಅಪ್ಪ ಮೊನ್ನೆ ಹಾಡಿದ್ದು, ಎಲ್ಲ ನನಗೆ ಗೊತ್ತಿತ್ತು. ಪೆನ್ನಿನ ಮುಚ್ಚಳ ತೆಗೆದೆ. ಅಪ್ಪ ತಮ್ಮ ಅಂಗೈಯನ್ನು ಆ ಗೆರೆಗಳ ಮೇಲೆ ಅಗಲವಾಗಿ ಇಟ್ಟು ಕೂತರು. ನಾನು ಮುಚ್ಚಳ ಹಾಕುವವರೆಗೂ ಕೈ ತೆಗೆಯಲಿಲ್ಲ.